ನಾಳೆ ಬಾ ಅನ್ನದ ಹುಡುಗಿ

ಬಸ್ಸಲ್ಲಿ ಒಬ್ಬನೇ ಕೂತು ನಗು ತಡೆದುಕೊಳ್ಳೋದು ಎಷ್ಟು ಕಷ್ಟ ಅಂತ ಹೋದ ತಿಂಗಳು ಗೊತ್ತಾಯ್ತು. ಶನಿವಾರ ಬೆಳಿಗ್ಗೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟಿದ್ದೆ. ಹೆಂಡತಿಯ ತವರು ಅಲ್ಲಿ. ರಾತ್ರಿಯಿಡೀ ಬೆಂಗಳೂರಿನಿಂದ ಬಂದ ಸುಸ್ತು, ಹೊಟ್ಟೆಯಲ್ಲಿ ಒಗ್ಗಾಣಿ-ಮಿರ್ಚಿ, ಕಿವಿಯಲ್ಲಿ ಇಯರ್‌ಫೋನು. ಪಕ್ಕದಲ್ಲಿ ತೊಡೆ ಮೇಲೆ ಬಿತ್ತನೆ ಬೀಜದ ಚೀಲ ಇಟ್ಟುಕೊಂಡ ಹಿರಿಯರೊಬ್ಬರು. ನಾನು ಮೂರನೇ ಸಲ ಕಿಸಕ್ಕಂದಾಗ ಅವರಿಗೆ ತಡೆಯಲಾಗಲಿಲ್ಲ.

"ಏನ್ ಕೇಳಾಕತ್ತೀಯಪಾ, ಅಷ್ಟು ನಗು ಬರಂಗ?"

"ದೆವ್ವದ ಕತಿರೀ," ಅಂದೆ.

ಅವರು ಚೀಲವನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡರು.

ನಾನು ಕೇಳುತ್ತಿದ್ದದ್ದು ಆಸ್ಕರ್ ವೈಲ್ಡ್ ಬರೆದ 'ದಿ ಕ್ಯಾಂಟರ್‌ವಿಲ್ ಘೋಸ್ಟ್'. 1887ರಲ್ಲಿ ಒಂದು ಪತ್ರಿಕೆಯಲ್ಲಿ ಬಂದ ಕತೆ. ವೈಲ್ಡ್ ತೀರಿಕೊಂಡದ್ದು 1900ರಲ್ಲಿ, ಹಾಗಾಗಿ ಈಗ ಇದಕ್ಕೆ ಕಾಪಿರೈಟು ಇಲ್ಲ. ಲಿಬ್ರಿವಾಕ್ಸ್ ಅಂತ ಒಂದು ತಾಣ ಇದೆ, 2005ರಲ್ಲಿ ಶುರುವಾದದ್ದು. ಅಲ್ಲಿ ಇಂಥ ಹಳೇ ಪುಸ್ತಕಗಳನ್ನು ಸ್ವಯಂಸೇವಕರು ಓದಿ ರೆಕಾರ್ಡ್ ಮಾಡಿ ಬಿಟ್ಟಿಯಾಗಿ ಹಾಕ್ತಾರೆ. ಕತೆ ಪೂರ್ತಿ ಕೇಳಲು ಒಂದೂಕಾಲು ಗಂಟೆ ಚಿಲ್ಲರೆ ಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿಗೂ ಹೆಚ್ಚು ಕಮ್ಮಿ ಅಷ್ಟೇ ಹೊತ್ತು.

ಕತೆ ಸರಳ. ಹೈರಮ್ ಓಟಿಸ್ ಅನ್ನೋ ಅಮೆರಿಕದ ರಾಯಭಾರಿ ಇಂಗ್ಲೆಂಡಿನಲ್ಲಿ ಒಂದು ಹಳೇ ಬಂಗಲೆ ಕೊಳ್ಳುತ್ತಾನೆ. ಮಾರುವ ಲಾರ್ಡ್ ಕ್ಯಾಂಟರ್‌ವಿಲ್ ಮರ್ಯಾದಸ್ಥ, ಮನೆಯಲ್ಲಿ ದೆವ್ವ ಇದೆ ಅಂತ ಮೊದಲೇ ಹೇಳಿಬಿಡುತ್ತಾನೆ. ಓಟಿಸ್ ತಲೆಯೇ ಕೆಡಿಸಿಕೊಳ್ಳಲ್ಲ. ಪೀಠೋಪಕರಣದ ಜೊತೆ ದೆವ್ವಕ್ಕೂ ಒಂದು ರೇಟು ಹಾಕಿ ಕೊಡಿ, ತಗೋತೀನಿ ಅಂತಾನೆ. ಸೈಟು ನೋಡೋಕೆ ಹೋದಾಗ "ಬೋರ್‌ವೆಲ್ ಸೇರಿ ಎಷ್ಟು?" ಅಂತ ನಾವು ಕೇಳಲ್ವಾ, ಹಾಗೆ. ಲೈಬ್ರರಿಯ ನೆಲದ ಮೇಲೊಂದು ರಕ್ತದ ಕಲೆ. 1575ರಲ್ಲಿ ಸರ್ ಸೈಮನ್ ಅನ್ನೋನು ತನ್ನ ಹೆಂಡತಿ ಎಲಿಯನೋರಳನ್ನು ಅಲ್ಲೇ ಕೊಂದಿದ್ದಾನೆ. ಅದಾಗಿ ಒಂಬತ್ತು ವರ್ಷಕ್ಕೆ ಅವನೂ ಕಾಣೆ. ಹೆಣ ಸಿಕ್ಕಿಲ್ಲ, ದೆವ್ವ ಮಾತ್ರ ತಿರುಗುತ್ತಿದೆ. ಮನೆ ನೋಡಿಕೊಳ್ಳುವ ಮುದುಕಿ ಕಲೆಯ ಚರಿತ್ರೆ ಹೇಳಿ ಮುಗಿಸುವಷ್ಟರಲ್ಲಿ ಓಟಿಸ್‌ನ ದೊಡ್ಡ ಮಗ ಮಂಡಿಯೂರಿ, ಯಾವುದೋ ಕಂಪನಿಯ ಡಿಟರ್ಜೆಂಟ್ ಕಡ್ಡಿ ತೆಗೆದು, ತಿಕ್ಕಿ ತೊಳೆದೇ ಬಿಡುತ್ತಾನೆ. ಹೊರಗೆ ಗುಡುಗು. ಒಳಗೆ ಮುದುಕಿ ಮೂರ್ಛೆ.

ರಾತ್ರಿ ಸಂಕೋಲೆ ಎಳೆದುಕೊಂಡು ದೆವ್ವ ಬರುತ್ತದೆ. ಓಟಿಸ್ ಸಾಹೇಬರು ಚಪ್ಪಲಿ ಮೆಟ್ಟಿ ಬಾಗಿಲು ತೆಗೆದು, ಆ ಸಂಕೋಲೆಗೆ ಎಣ್ಣೆ ಹಾಕಿಕೊಳ್ಳಿ ಅಂತ ಒಂದು ಬಾಟಲಿ ಅಲ್ಲೇ ಇಟ್ಟು ಮಲಗಲು ಹೋಗುತ್ತಾರೆ. ನನ್ನ ಮೂರನೇ ಕಿಸಕ್ ಇಲ್ಲೇ ಬಂದದ್ದು. ಹತ್ತು ವರ್ಷದಿಂದ ಸಾಫ್ಟ್‌ವೇರ್ ಸಪೋರ್ಟಿನಲ್ಲಿದ್ದೀನಿ. ಅಳುವ ಗಿರಾಕಿಗೆ "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸರ್" ಅನ್ನೋ ನಮ್ಮ ದನಿ ಇದೆಯಲ್ಲ, ಓಟಿಸ್‌ದು ಥೇಟ್ ಅದೇ ದನಿ. ಕೋಪ ಇಲ್ಲ, ಭಯ ಇಲ್ಲ, ಕುತೂಹಲವೂ ಇಲ್ಲ. ಸಮಸ್ಯೆ ಗೊತ್ತಾಯ್ತು, ಪರಿಹಾರ ಕೊಟ್ಟಾಯ್ತು, ಟಿಕೆಟ್ ಕ್ಲೋಸ್.

ವೈಲ್ಡ್ ಯಾರನ್ನು ಗೇಲಿ ಮಾಡುತ್ತಿದ್ದ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಇಂಗ್ಲಿಷಿನಲ್ಲಿ ಗಾಥಿಕ್ ಕಾದಂಬರಿ ಅನ್ನೋ ಒಂದು ಪರಂಪರೆ ಇದೆ. ಹೊರೇಸ್ ವಾಲ್‌ಪೋಲ್ 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಬರೆದು ಅದನ್ನು ಶುರುಮಾಡಿದ. 1794ರಲ್ಲಿ ಆನ್ ರ‍್ಯಾಡ್‌ಕ್ಲಿಫ್ ಬರೆದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ಮನೆಮನೆಯ ಹುಚ್ಚಾಯಿತು. ಹಾಳು ಕೋಟೆ, ಬೀಗ ಹಾಕಿದ ಕೋಣೆ, ಗೋಡೆಯೊಳಗಿನ ಗುಪ್ತ ದಾರಿ, ಹಳೇ ಕೊಲೆ, ಒಂದು ಭವಿಷ್ಯವಾಣಿ. ಇಷ್ಟು ಸಾಮಾನು ಇದ್ದರೆ ಗಾಥಿಕ್. ಜೇನ್ ಆಸ್ಟೆನ್ ಇದನ್ನು 'ನಾರ್ತ್ಯಾಂಗರ್ ಅಬ್ಬೆ'ಯಲ್ಲಿ ಆಗಲೇ ಗೇಲಿ ಮಾಡಿದ್ದಳು. ವೈಲ್ಡ್ ಇದೇ ಸಾಮಾನೆಲ್ಲ ಒಂದೇ ಮನೆಯಲ್ಲಿ ತುಂಬಿ, ಅದರೊಳಗೆ ಹೆದರೋದೇ ಗೊತ್ತಿಲ್ಲದ ಒಂದು ಸಂಸಾರವನ್ನು ಬಿಟ್ಟ. ಅಮಿತಾಭ್ ಬಚ್ಚನ್ ದೆವ್ವವಾಗಿದ್ದ 'ಭೂತನಾಥ್' ಸಿನಿಮಾ ನೋಡಿದವರಿಗೆ ಈ ಕತೆಯ ವಾಸನೆ ಹತ್ತೀತು. ಅದರ ಮೂಲ ಪ್ರೇರಣೆ ಇದೇ.

ಈ ಸಾಮಾನೇನೂ ಬಳ್ಳಾರಿಯವರಿಗೆ ಹೊಸದಲ್ಲ. ನಮ್ಮ ಕೋಟೆಗೇ ಒಂದು ಗಾಥಿಕ್ ಕತೆ ಇದೆ. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನ ಕೈಲಿ ಕೋಟೆ ಕಟ್ಟಿಸಿದನಂತೆ. ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಶತ್ರು ಅಲ್ಲಿ ಫಿರಂಗಿ ಇಟ್ಟರೆ ಮುಗೀತು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಅನ್ನೋದು ಊರಿನ ಮಾತು. ಒಂದು ರಿಕ್ವೈರ್‌ಮೆಂಟ್ ಬಿಟ್ಟುಹೋದದ್ದಕ್ಕೆ ನೇಣು! ನಮ್ಮ ರಿವ್ಯೂ ಮೀಟಿಂಗುಗಳು ಎಷ್ಟೋ ವಾಸಿ. ಇನ್ನು ಬೀಗ ಹಾಕಿದ ಕೋಣೆ ಅಂದರೆ 'ಆಪ್ತಮಿತ್ರ'. 2004ರಲ್ಲಿ ಇಡೀ ಕರ್ನಾಟಕ ನಾಗವಲ್ಲಿಗೆ ಹೆದರಿದ್ದಾಗ, ನಮ್ಮ ಹಾಸ್ಟೆಲಿನ ಬಳ್ಳಾರಿ ಹುಡುಗರು ಮಾತ್ರ ಆರಾಮಾಗಿದ್ದೆವು. ತೆಲುಗು ಮಾತಾಡಿದರೆ ದೆವ್ವ ಅನ್ನೋ ಹಾಗಿದ್ದರೆ ನಮ್ಮೂರಲ್ಲಿ ಅರ್ಧ ಬಜಾರೇ ದೆವ್ವ.

ಆದರೆ ಸರ್ ಸೈಮನ್‌ನನ್ನು ಕೇಳುತ್ತಾ ನನಗೆ ನೆನಪಾದದ್ದು ನಾಗವಲ್ಲಿ ಅಲ್ಲ, ದೊಡ್ಡಾಟದ ಪಾತ್ರಧಾರಿಗಳು. ಈ ದೆವ್ವ ನಿಜಕ್ಕೂ ಒಬ್ಬ ಹಳೇ ನಟ. ಹೆದರಿಸಲು ಹೊರಡುವ ಮುಂಚೆ ಯಾವ ವೇಷ, ಯಾವ ಟೋಪಿ, ಯಾವ ಕತ್ತಿ ಅಂತ ಇಡೀ ದಿನ ಯೋಚಿಸುತ್ತಾನೆ. ಒಂದೊಂದು ವೇಷಕ್ಕೂ ಒಂದೊಂದು ಹೆಸರು. ಯಾವ ಪಾತ್ರದಲ್ಲಿ ಯಾವ ವರ್ಷ ಯಾರು ಎಚ್ಚರ ತಪ್ಪಿ ಬಿದ್ದರು ಅನ್ನೋದೆಲ್ಲ ಬಾಯಿಪಾಠ. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಆಟ ಆಡಿಸುತ್ತಿದ್ದರು. ಭುಜಕೀರ್ತಿ, ಕಿರೀಟ ಕಟ್ಟಿಕೊಂಡು ಕೂತ ರಾಕ್ಷಸ ಪಾತ್ರದವರ ಹತ್ತಿರ ಹೋಗಲು ನಮಗೆ ಧೈರ್ಯ ಸಾಲುತ್ತಿರಲಿಲ್ಲ. ಆಮೇಲೆ ಟಿವಿ ಬಂತು. ಅದೇ ಪಾತ್ರಧಾರಿ ರಂಗಕ್ಕೆ ಹಾರಿ ಬಂದು ಅಬ್ಬರಿಸಿದರೂ ಮುಂದೆ ಕೂತ ಹುಡುಗರು ಶೇಂಗಾ ತಿನ್ನುತ್ತಾ ನಗುತ್ತಿದ್ದರು. ಸರ್ ಸೈಮನ್ ಒಂದು ರಾತ್ರಿ ತನ್ನದೇ ಹಳೇ ಉಕ್ಕಿನ ಕವಚ ತೊಡಲು ಹೋಗಿ, ಅದರ ಭಾರ ತಾಳಲಾರದೆ ಕುಸಿದು ಬೀಳುತ್ತಾನೆ. ಬಸ್ಸಿನಲ್ಲಿ ಮೊದಲು ನಕ್ಕೆ. ಆಮೇಲೆ ಆ ಶೇಂಗಾ ತಿನ್ನುತ್ತಿದ್ದ ಹುಡುಗರಲ್ಲಿ ನಾನೂ ಇದ್ದೆ ಅನ್ನೋದು ನೆನಪಾಯಿತು.

ಪತ್ತೇದಾರಿಯಾಗಿಯೂ ಇದು ಪ್ರಾಮಾಣಿಕ ಕತೆ. ತೊಳೆದ ರಕ್ತದ ಕಲೆ ಮರುದಿನ ಮತ್ತೆ ಹಾಜರ್. ಬಾಗಿಲಿಗೆ ಬೀಗ ಹಾಕಿದರೂ ಹಾಜರ್. ಬರಬರುತ್ತಾ ಬಣ್ಣ ಬೇರೆ ಬದಲಾಗುತ್ತದೆ: ಒಂದು ದಿನ ಕೆಂಪು, ಒಂದು ದಿನ ನೇರಳೆ, ಒಂದು ದಿನ ಪಚ್ಚೆ ಹಸಿರು. ಮನೆಯವರೆಲ್ಲ ನಾಳೆ ಯಾವ ಬಣ್ಣ ಅಂತ ಪಣ ಕಟ್ಟುತ್ತಾರೆ. ಹದಿನೈದು ವರ್ಷದ ಮಗಳು ವರ್ಜೀನಿಯಾ ಮಾತ್ರ ನಗಲ್ಲ. ಹಸಿರು ಬಂದ ದಿನ ಅವಳಿಗೆ ಅಳುವೇ ಬರುತ್ತದೆ. ವೈಲ್ಡ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಕಾರಣ ಐದನೇ ಅಧ್ಯಾಯದಲ್ಲಿ ಸಿಗುತ್ತದೆ: ದೆವ್ವ ಕದ್ದದ್ದು ಅವಳ ಬಣ್ಣದ ಪೆಟ್ಟಿಗೆಯಿಂದ. ನಿಜವಾದ ರಕ್ತ ಈಗ ಎಲ್ಲಿ ಸಿಗುತ್ತದೆ, ಪಾಪ. ಕೆಂಪೆಲ್ಲ ಖಾಲಿಯಾಗಿ ಅವಳಿಗೆ ಸೂರ್ಯಾಸ್ತದ ಚಿತ್ರ ಬರೆಯಲು ಬಣ್ಣವೇ ಉಳಿದಿಲ್ಲ. ಆದರೂ ಅವಳು ದೆವ್ವದ ಮೇಲೆ ಚಾಡಿ ಹೇಳಿಲ್ಲ. ಕನ್ನಡದಲ್ಲಿ ಕಲೆ ಅಂದರೆ ಎರಡೂ ಹೌದು, ಆ ಲೈಬ್ರರಿಯ ನೆಲದ ಮೇಲೂ ಎರಡೂ ಹೌದು. ಪುಸ್ತಕ ಹಿಡಿದು ಓದಿದ್ದರೆ ಹಿಂದಕ್ಕೆ ತಿರುಗಿಸಿ ಸುಳಿವು ಹುಡುಕುತ್ತಿದ್ದೆ. ಕಿವಿಗೆ ಆ ಸೌಲಭ್ಯ ಇಲ್ಲ. ಸುಳಿವು ಗಾಳಿಯಂತೆ ಹಾದುಹೋಗಿ, ಅರ್ಧ ಗಂಟೆ ಕಳೆದ ಮೇಲೆ ಬೆನ್ನಿಗೆ ಗುದ್ದುತ್ತದೆ.

ಇನ್ನು ಓದಿದ ರೀತಿ. ನಾನು ಎರಡು ಆವೃತ್ತಿ ಕೇಳಿದೆ. ಒಂದರಲ್ಲಿ ಗುಡುಗು, ಪಿಟೀಲು, ಗೂಬೆ, ಬಾಗಿಲು ಕಿರ್ ಅನ್ನೋ ಸದ್ದು ಎಲ್ಲ ಇತ್ತು. ದೆವ್ವಕ್ಕೆ ಗುಹೆಯೊಳಗಿನ ದನಿ, ಅಮೆರಿಕದವರಿಗೆ ಮೂಗಿನ ದನಿ. ಮೊದಲ ಎರಡು ಅಧ್ಯಾಯ ಮಜಾ ಕೊಟ್ಟಿತು. ಆದರೆ ಓದುವವನೇ ನಗಲು ಶುರು ಮಾಡಿದರೆ ಕೇಳುವವನಿಗೆ ಕೆಲಸ ಏನು ಉಳಿಯಿತು? ಎಣ್ಣೆ ಬಾಟಲಿಯ ಮಾತನ್ನು ಬ್ಯಾಂಕ್ ಮ್ಯಾನೇಜರ್ ಹೇಳಿದ ಹಾಗೆ ಸಪ್ಪಗೆ ಹೇಳಬೇಕು, ಆಗಲೇ ನಗು. ಐದನೇ ಅಧ್ಯಾಯದಲ್ಲಂತೂ ಅದೇ ಗುಹೆಯ ದನಿಯಲ್ಲಿ ದೆವ್ವ ತನ್ನ ದುಃಖ ತೋಡಿಕೊಂಡಾಗ ಕಾರ್ಟೂನ್ ನೋಡಿದ ಹಾಗಾಯಿತು.

ಎರಡನೆಯದು ಲಿಬ್ರಿವಾಕ್ಸಿನ ಒಂದು ಸಾದಾ ಓದು. ಸಂಗೀತ ಇಲ್ಲ, ಒಂದೇ ದನಿ, ನಡುವೆ ಉಸಿರು ತೆಗೆದುಕೊಳ್ಳುವ ಸದ್ದೂ ಕೇಳುತ್ತದೆ. ಕನ್ನಡ ಮೀಡಿಯಮ್ಮಿನಿಂದ ಬಂದ ನನಗೆ ಆ ಕಾಲದ ಇಂಗ್ಲಿಷ್ ಒಂದೇ ಸಲಕ್ಕೆ ದಕ್ಕಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಗುಟೆನ್‌ಬರ್ಗಿನಲ್ಲಿ ಪಠ್ಯ ಬಿಟ್ಟಿ ಸಿಗುತ್ತದೆ, ತೊಡಕಾದಲ್ಲಿ ನೋಡಿಕೊಂಡೆ. ಆಫೀಸಿನ ಟ್ರೇನಿಂಗ್ ವಿಡಿಯೋ ನೋಡೋ ಚಾಳಿಯಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಹಾಕಿದ್ದೆ, ಐದನೇ ಅಧ್ಯಾಯ ಬಂದಾಗ ಬೆರಳು ತಾನಾಗಿ ವೇಗ ಇಳಿಸಿತು. ಅಲ್ಲಿ ವರ್ಜೀನಿಯಾ ಆ ದೆವ್ವದ ಪಕ್ಕ ಕೂರುತ್ತಾಳೆ. ಮೊದಲು ಚೆನ್ನಾಗಿ ಬೈಯುತ್ತಾಳೆ: ಹೆಂಡತಿಯನ್ನು ಕೊಂದದ್ದು ತಪ್ಪು, ನನ್ನ ಬಣ್ಣ ಕದ್ದದ್ದು ತಪ್ಪು. ಬೈದ ಮೇಲೆ ಕೇಳಿಸಿಕೊಳ್ಳುತ್ತಾಳೆ. ಎಲಿಯನೋರಳ ಅಣ್ಣತಮ್ಮಂದಿರು ಅವನನ್ನು ಉಪವಾಸ ಕೆಡವಿ ಕೊಂದದ್ದು, ಮುನ್ನೂರು ವರ್ಷದಿಂದ ಅವನು ನಿದ್ದೆ ಮಾಡದೇ ಇರೋದು, ಎಲ್ಲ ಆಗ ಹೊರಬರುತ್ತದೆ. ಆ ಸಾದಾ ದನಿಯಲ್ಲಿ ದೆವ್ವ ದಣಿದ ಮನುಷ್ಯನ ಹಾಗೆ ಮಾತಾಡಿತು. ಆಗ ಬಸ್ಸು ತೆಕ್ಕಲಕೋಟೆ ದಾಟುತ್ತಿತ್ತು. ಮುಖ ಕಿಟಕಿ ಕಡೆ ತಿರುಗಿಸಿಕೊಂಡೆ.

ಯಾಕೆ ಅಷ್ಟು ತಾಗಿತು ಅಂತ ಹೇಳಬೇಕಾದರೆ ನಮ್ಮ ಅಜ್ಜಿಯ ವಿಷಯ ಹೇಳಬೇಕು.

ನಮ್ಮದು ಕುರುಗೋಡು ಹತ್ತಿರದ ಹಳ್ಳಿ. ನಾನು ಸಣ್ಣವನಿದ್ದಾಗ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬರಹ ಓದಿ ನಾಳೆ ಬರೋಣ ಅಂತ ಹೋಗುತ್ತದೆ, ನಾಳೆಯೂ ಅದನ್ನೇ ಓದುತ್ತದೆ. 2018ರಲ್ಲಿ ಬಂದ 'ಸ್ತ್ರೀ' ಸಿನಿಮಾದ ಬೀಜ ಇದೇ. ಬಯ್ಯೋದಿಲ್ಲ, ಓಡಿಸೋದಿಲ್ಲ, ಮುಂದಿನ ಸ್ಪ್ರಿಂಟಿಗೆ ಹಾಕೋದು. ಓಟಿಸ್ ಸಂಸಾರದ ಡಿಟರ್ಜೆಂಟಿಗಿಂತ ಇದು ಸಭ್ಯ. ಆದರೆ ಎರಡರಲ್ಲೂ ದೆವ್ವಕ್ಕೆ ಬೇಕಾದದ್ದೇನು ಅಂತ ಯಾರೂ ಕೇಳಲ್ಲ.

ಮೂರು ವರ್ಷದ ಹಿಂದೆ ಅಜ್ಜ ತೀರಿಕೊಂಡ. ಆಮೇಲೆ ಅಜ್ಜಿ ಫೋನಿನಲ್ಲಿ, ರಾತ್ರಿ ಅಜ್ಜ ಬಂದು ಹಿತ್ತಲ ಬಾಗಿಲು ಅಲುಗಾಡಿಸುತ್ತಾನೆ ಅನ್ನಲು ಶುರು ಮಾಡಿದಳು. ನಾನು ಎಂಜಿನಿಯರ್ ಅಲ್ಲವಾ. ಕತ್ತಲಲ್ಲೂ ಕಾಣುವ ಒಂದು ಕ್ಯಾಮೆರಾ ತಂದು ಹಿತ್ತಲಿಗೆ ಹಾಕಿದೆ, ಯಾರಾದರೂ ಅಲುಗಿದರೆ ತಾನೇ ಹತ್ತಿಕೊಳ್ಳುವ ಒಂದು ಬಲ್ಬನ್ನೂ ಹಾಕಿದೆ. ನಾಲ್ಕನೇ ರಾತ್ರಿ ಸಿಕ್ಕಿತು: ಪಕ್ಕದ ಮನೆ ಬೆಕ್ಕು. ಊರಿಗೆ ಹೋದಾಗ ವಿಡಿಯೋ ಅವಳ ಕಣ್ಣ ಮುಂದೆ ಹಿಡಿದೆ. "ಹೂಂ, ಬೆಕ್ಕು," ಅಂದಳು. ಅವತ್ತಿನಿಂದ ಅವಳು ನನ್ನ ಹತ್ತಿರ ಅಜ್ಜನ ಸುದ್ದಿ ಎತ್ತಲಿಲ್ಲ. ಸಮಸ್ಯೆ ಬಗೆಹರೀತು ಅಂದುಕೊಂಡೆ. ಸಿರುಗುಪ್ಪದ ಬಸ್ಸಿನಲ್ಲಿ ಕೂತು ಡಿಟರ್ಜೆಂಟ್ ಹಿಡಿದ ಆ ಹುಡುಗನ ಕತೆ ಕೇಳೋವರೆಗೂ ಹಾಗೇ ಅಂದುಕೊಂಡಿದ್ದೆ.

ಭಾನುವಾರ ಸಿರುಗುಪ್ಪದಿಂದ ಊರಿಗೆ ಹೋದೆ. ಸಂಜೆ ಕಟ್ಟೆ ಮೇಲೆ ಕೂತು ಅಜ್ಜಿಗೆ ಈ ಕತೆಯನ್ನು ನಮ್ಮ ಭಾಷೆಯಲ್ಲಿ ಹೇಳಿದೆ. ಎಣ್ಣೆ ಬಾಟಲಿಗೆ ಸೆರಗು ಬಾಯಿಗಿಟ್ಟು ನಕ್ಕಳು. ಹಸಿರು ರಕ್ತಕ್ಕೆ ಇನ್ನೂ ಜೋರಾಗಿ ನಕ್ಕಳು. ಸರ್ ಸೈಮನ್ ಹೆಂಡತಿಯನ್ನು ಕೊಂದದ್ದಕ್ಕೆ ಕೊಡುವ ಕಾರಣ ಹೇಳಿದೆ: ನೋಡಲು ಚೆನ್ನಾಗಿರಲಿಲ್ಲ, ಬಟ್ಟೆಗೆ ಗಂಜಿ ಹಾಕಲು ಬರುತ್ತಿರಲಿಲ್ಲ, ಅಡುಗೆ ಗೊತ್ತಿರಲಿಲ್ಲ. ಇದನ್ನು ವೈಲ್ಡ್ ಜೋಕಾಗಿ ಬರೆದದ್ದು. ಅಜ್ಜಿ ನಗಲಿಲ್ಲ.

"ಆಕಿ ಏನಾದ್ಲು?"

"ಯಾರು?"

"ಹೆಂಡ್ತಿ. ಸತ್ತಾಕಿ ಆಕಿ. ದೆವ್ವ ಆಗಬೇಕಾದಾಕಿ ಆಕಿ. ಕೊಂದಾವ ಯಾಕ ತಿರುಗಾಡ್ತಾನ?"

ನೂರಾರು ವರ್ಷದ ಗಾಥಿಕ್ ಸಾಹಿತ್ಯಕ್ಕೆ ಒಂದೇ ಏಟು. ಯೋಚಿಸಿ ನೋಡಿ. ನಮ್ಮ ಕಡೆ ದೆವ್ವ ಆಗೋದು ಅನ್ಯಾಯ ಆದವರು. ನಾಗವಲ್ಲಿ, ಬಾಗಿಲು ಬಡಿಯುವ ಮದುಮಗಳು, ಬಾವಿಗೆ ಬಿದ್ದ ಸೊಸೆ, ನಮ್ಮ ಕೋಟೆಯ ಆ ಎಂಜಿನಿಯರ್ ಕೂಡ. ವೈಲ್ಡನ ಮನೆಯಲ್ಲಿ ದೆವ್ವ ಆಗಿರೋನು ಅನ್ಯಾಯ ಮಾಡಿದವನು. ಎಲಿಯನೋರ್ ಅಲ್ಲಿ ಬರೀ ಒಂದು ಕಲೆ, ಕಡೆಗೆ ಆ ಕಲೆಯೂ ಅವಳ ರಕ್ತ ಅಲ್ಲ, ಬಣ್ಣ. ಕೊಂದವನಿಗೆ ಕಣ್ಣೀರು ಹಾಕಲು ವರ್ಜೀನಿಯಾ ಇದ್ದಾಳೆ, ಎಂಟು ಕಪ್ಪು ಕುದುರೆಯ ಶವಯಾತ್ರೆ ಇದೆ, ಬಾದಾಮಿ ಮರದ ಹೂವಿದೆ. ಎಲಿಯನೋರಳಿಗೆ ಒಂದು ಮಾತೂ ಇಲ್ಲ. ಪಾಪ ಮಾಡಿದವನಿಗೂ ನಿದ್ದೆ ಬೇಕು ಅನ್ನೋದು ದೊಡ್ಡ ಮಾತೇ, ವೈಲ್ಡ್ ಅದನ್ನು ದೊಡ್ಡದಾಗಿಯೇ ಹೇಳುತ್ತಾನೆ. ಆದರೆ ಆ ಕನಿಕರಕ್ಕೆ ದಾರಿ ಮಾಡಿಕೊಳ್ಳಲು ಸತ್ತ ಹೆಂಗಸನ್ನು ಒಂದು ಜೋಕಿಗೆ ಮುಗಿಸಿದ. ಇದು ಕತೆಯ ಸಣ್ಣ ಲೋಪ ಅಲ್ಲ. ಎರಡು ಸಲ ಕೇಳಿ ಎರಡು ಸಲವೂ ನಕ್ಕಿದ್ದ ನನಗೆ ಅದು ಕಂಡಿರಲೇ ಇಲ್ಲ.

ಸುಮ್ಮನೆ ಕೂತಿದ್ದೆವು. ಆಮೇಲೆ ನಾನೇ ಕೇಳಿದೆ: "ಅಜ್ಜ ಈಗ್ಲೂ ಬರ್ತಾನೇನಬೇ?"

"ಕ್ಯಾಮೆರಾ ಬಂದ ಮ್ಯಾಲ ಬರಾದು ಬಿಟ್ಟಾನ."

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಮಳೆ ಬಂದಿಲ್ಲ ಅನ್ನೋ ಹಾಗೆ ಹೇಳಿದಳು. ನಾನು ಎದ್ದು ಹೋಗಿ ಅದರ ವೈರ್ ಕಿತ್ತು ಬಂದೆ. ಬಂದು ಕೂತ ಮೇಲೆ ಅಜ್ಜಿ ಮಾತಾಡಿದಳು, ಊಟದ ಹೊತ್ತು ಮೀರೋವರೆಗೂ. ಗುಪ್ತ ಕೋಣೆಯಲ್ಲಿ ಏನಾಯಿತು ಅಂತ ವರ್ಜೀನಿಯಾ ತನ್ನ ಗಂಡನಿಗೂ ಹೇಳಲ್ಲ. ಪತ್ತೇದಾರಿ ಕತೆಯಲ್ಲಿ ಮುಖ್ಯ ರಹಸ್ಯವನ್ನೇ ಬಿಚ್ಚದೆ ಬಿಡೋದು ಮೋಸ ಅಂತ ಬಸ್ಸಿನಲ್ಲಿ ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ. ಅಜ್ಜಿ ಹೇಳಿದ್ದನ್ನು ನಾನೂ ಇಲ್ಲಿ ಬರೆಯುತ್ತಿಲ್ಲ.

ಕೇಳುವವರಿಗೆ ಎರಡು ಸೂಚನೆ. ಪಿಟೀಲು, ಗೂಬೆ ಇರೋ ಆವೃತ್ತಿ ಬೇಡ, ಸಾದಾ ದನಿಯದ್ದು ಹುಡುಕಿ. ವೇಗ ಹೆಚ್ಚಿಸಬೇಡಿ. ಬಳ್ಳಾರಿಯಲ್ಲಿ ಶುರು ಮಾಡಿದರೆ ಸಿರುಗುಪ್ಪ ಬರೋದರೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಊರಲ್ಲಿ ಯಾರಾದರೂ ಹಿರಿಯರಿದ್ದರೆ ಅವರಿಗೆ ಕತೆ ಹೇಳಿ, ಎಲಿಯನೋರಳ ಬಗ್ಗೆ ಅವರೇನು ಕೇಳ್ತಾರೆ ನೋಡಿ.